ನಾಲ್ಕು ಬೆರಳಿನ ಚಾಕು

ಚಾಕು ಮನೆಯೊಳಗೆ ಇರುವಷ್ಟು ಹೊತ್ತು ಪಾತ್ರೆ ಪಡಗಗಳ ಜೊತೆಗೆ ಅದೂ ಒಂದು ಸಾಮಾನು. ಹೊಸಿಲು ದಾಟಿ ಜೇಬಿಗೆ ಬಂದಿತೋ, ಅದರ ಜಾತಿಯೇ ಬದಲಾಗಿಬಿಡುತ್ತದೆ. ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಾಗ ಅದನ್ನು ಯಾರೂ ತಿರುಗಿ ನೋಡಿರುವುದಿಲ್ಲ. ಅದೇ ಚಾಕು ಬಸ್ ಸ್ಟ್ಯಾಂಡಿನಲ್ಲಿ ಒಬ್ಬನ ಪ್ಯಾಂಟಿನ ಜೇಬಿನಿಂದ ಹೊರಗೆ ಬಂದರೆ ಪಕ್ಕದಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ನಮ್ಮ ಮೋಕದ ಕಡೆ ಹಿಂದೆ ಹೀಗಿರಲಿಲ್ಲ. ವೇದಾವತಿಯನ್ನು ನಾವು ಹಗರಿ ಎನ್ನುತ್ತೇವೆ. ಆ ಹಗರಿಯ ದಂಡೆಯ ಊರು ನಮ್ಮದು. ಸುತ್ತ ಎರೆಮಣ್ಣು. ಕಾಲುವೆ ನೀರು ಹತ್ತಿದ ಕಡೆ ಭತ್ತ, ಹತ್ತದ ಕಡೆ ಹತ್ತಿ, ಜೋಳ, ಮೆಣಸಿನಕಾಯಿ. ಒಕ್ಕಲುತನ ಮಾಡುವವನ ಹತ್ತಿರ ಒಂದು ಅಲಗು ಇರದೆ ದಿನ ಸಾಗುತ್ತಿರಲಿಲ್ಲ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, ಎತ್ತಿನ ಹಗ್ಗದ ಗಂಟು ಬಿಗಿದು ಕೂತರೆ ಕೊಯ್ಯಬೇಕು, ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದಾಗ ಉಳ್ಳಾಗಡ್ಡಿ ಹೆಚ್ಚಬೇಕು. ಕುರಿ ಕಾಯುವವರು ಉದ್ದ ಗಳುವಿನ ತುದಿಗೆ ಕುಡುಗೋಲು ಕಟ್ಟಿಕೊಂಡು ಊರ ನಡುವೆಯೇ ಹಾದುಹೋಗುತ್ತಿದ್ದರು. ಅದು ಯಾಕೆ, ಎಷ್ಟು ಉದ್ದ ಎಂದು ಯಾರೂ ಕೇಳುತ್ತಿರಲಿಲ್ಲ. ಬಾಣಂತಿಯ ತಲೆದಿಂಬಿನ ಕೆಳಗೆ ಚೂರಿ ಇಡುತ್ತಿದ್ದರು. ಮದುಮಗನ ಕೈಗೆ ತುದಿಗೆ ನಿಂಬೆಹಣ್ಣು ಚುಚ್ಚಿದ ಕಠಾರಿ ಕೊಡುತ್ತಿದ್ದರು. ಅಲಗಿಗೆ ಹೆದರದ, ಹಾಗೆಂದು ಅದನ್ನು ಮೆರೆಸದ ಕಾಲ ಅದು.

ನಾನು ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತನಾದವನು. ಮೂರು ಎಕರೆ ಹೊಲ ಇದೆ. ಚಾಕುವಿನ ವಿಷಯದಲ್ಲಿ ನನಗೆ ಪಾಂಡಿತ್ಯವೇನೂ ಬೇಕಾಗಿರಲಿಲ್ಲ. ಅದು ಬೇಕಾಗಿ ಬಂದದ್ದು ಮಗಳಿಂದ. ಅವಳು ನರ್ಸಿಂಗ್ ಓದಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಮೂರು ಜನ ಹುಡುಗಿಯರು ಸೇರಿ ಬಾಡಿಗೆಗೆ ಒಂದು ಕೋಣೆ ಹಿಡಿದರು. ವಾರಕ್ಕೊಮ್ಮೆ ಪಾಳಿ ಬದಲು. ಎರಡನೆಯ ಪಾಳಿ ಬಿದ್ದ ವಾರ ರಾತ್ರಿ ಹತ್ತೂವರೆಗೆ ಆಸ್ಪತ್ರೆಯಿಂದ ಹೊರಗೆ ಬಂದು ಒಂದು ಮೈಲಿಯಷ್ಟು ನಡೆಯಬೇಕು. ಈ ಒಂದು ಮೈಲಿ ನನ್ನ ಹೆಂಡತಿಯ ನಿದ್ದೆಯನ್ನು ಕಿತ್ತುಕೊಂಡಿತು.

ಮೊದಲ ರಜೆಗೆ ಮಗಳು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಬಳ್ಳಾರಿಯಲ್ಲಿ ಇಳಿದು ಮನೆ ಸೇರಿದಳು. ಉಣ್ಣುವಾಗ ಮಾತಿನ ಮಧ್ಯೆ, "ಅಪ್ಪ, ನನಗೊಂದು ಸಣ್ಣ ಮಡಚೋ ಚಾಕು ತಂದುಕೊಡು. ರೂಮಿನಾಗ ಇರೋ ಚಾಕು ಬೆಣ್ಣೆ ಕೊಯ್ಯಾಕೂ ಬರಂಗಿಲ್ಲ. ಡ್ಯೂಟಿಗೆ ಹಣ್ಣು ಒಯ್ತೀವಿ, ಒಬ್ಬರತ್ರನೂ ಚಾಕು ಇರಂಗಿಲ್ಲ" ಎಂದಳು. ಅವಳು ಹೇಳಿದ್ದು ಇಷ್ಟೇ. ಆದರೆ ಅವಳ ಅವ್ವನ ಕಿವಿಗೆ ಅದು ಬೇರೆ ಥರ ಕೇಳಿಸಿತು. ಮಗಳು ಕೈ ತೊಳೆಯಲು ಎದ್ದ ಮೇಲೆ ಇವಳು ನನ್ನ ಹತ್ತಿರ ಬಂದು ದನಿ ಇಳಿಸಿ, "ಸಣ್ಣದು ಅಂದ್ಳು ಅಂತ ಸಣ್ಣದು ತರಬ್ಯಾಡ್ರಿ. ಕೈಯಾಗ ಹಿಡಿದ್ರ ನೋಡಿದವ ಹೆದರಬೇಕು, ಅಂಥದ್ದು ತರ್ರಿ" ಎಂದಳು.

ಒಂದು ಚಾಕುವಿಗೆ ಇಬ್ಬರು ಗಿರಾಕಿಗಳು. ಒಬ್ಬಳಿಗೆ ಹಣ್ಣು ಕೊಯ್ಯಲು, ಇನ್ನೊಬ್ಬಳಿಗೆ ಭಯ ಕೊಯ್ಯಲು. ತರಬೇಕಾದವನು ನಾನು.

ನನಗೆ ಗಾಬರಿಯಾಗಲು ಇನ್ನೊಂದು ಕಾರಣವೂ ಇತ್ತು. ಲೋಕಸಭೆ ಚುನಾವಣೆಯಲ್ಲಿ ನಮ್ಮ ಬಳ್ಳಾರಿ ಕ್ಷೇತ್ರಕ್ಕೆ 2024ರ ಮೇ 7ರಂದು ಮತದಾನವಾಯಿತು. ಗಡಿಯ ಆಚೆ ಆಂಧ್ರದಲ್ಲಿ ಮೇ 13ರಂದು. ನಮ್ಮದು ಗಡಿಯ ಊರು. ಎರಡೂ ಕಡೆಯ ಚುನಾವಣೆಗಳ ನಡುವೆ ರಸ್ತೆ ರಸ್ತೆಗೆ ಚೆಕ್‌ಪೋಸ್ಟು. ದುಡ್ಡು, ಹೆಂಡ ಹುಡುಕುತ್ತಿದ್ದ ಅಂಥದೊಂದು ಕಡೆ ನಮ್ಮ ಓಣಿಯ ಹುಡುಗನೊಬ್ಬನ ಬೈಕಿನ ಡಿಕ್ಕಿ ತೆಗೆಸಿದಾಗ ಒಂದು ಬಟನ್ ಚಾಕು ಸಿಕ್ಕಿತು. ಜಾತ್ರೆಯಲ್ಲಿ ಕೊಂಡದ್ದು. ಗುಂಡಿ ಒತ್ತಿದರೆ ಟಕ್ಕೆಂದು ಅಲಗು ಹೊರಗೆ ಹಾರುವ ಆ ಮೋಜಿಗೆ ಹುಡುಗ ಕೊಂಡಿದ್ದ. ಬೆಳಗಿನಿಂದ ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿದರು. ಅವರಪ್ಪ ನನ್ನನ್ನು ಕರೆದುಕೊಂಡು ಹೋದ. ಹುಡುಗ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ದ. ಒಂದು ಕೇಸು ಬಿದ್ದರೆ ಮುಂದೆ ಪೊಲೀಸ್ ವೆರಿಫಿಕೇಶನ್ ಏನಾದೀತು ಎಂಬುದೇ ಅಪ್ಪನ ಅಳಲು. ಕೊನೆಗೆ ಚಾಕು ಇಟ್ಟುಕೊಂಡು, ಬುದ್ಧಿ ಹೇಳಿ ಕಳಿಸಿದರು. ಆ ದಿನ ಠಾಣೆಯ ಬೆಂಚಿನ ಮೇಲೆ ಕೂತಿದ್ದ ಹುಡುಗನ ಮುಖ ನನಗೆ ನೆನಪಿದೆ. ಅವನಿಗೆ ತಾನು ಮಾಡಿದ್ದೇನು ಎಂಬುದೇ ಅರ್ಥವಾಗಿರಲಿಲ್ಲ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಬಳ್ಳಾರಿ ಕೋರ್ಟಿನಲ್ಲಿ ವಕೀಲನಾಗಿರುವ ನನ್ನ ಹಳೆಯ ಶಿಷ್ಯನ ಮನೆಗೆ ಹೋದೆ. "ಚಾಕು ಕೊಳ್ಳೋಕೆ ವಕೀಲರ ಸಲಹೆ ಕೇಳಿದ ಮೊದಲನೇ ಕಕ್ಷಿದಾರ ನೀವೇ ಸಾರ್. ಎಲ್ಲರೂ ಚುಚ್ಚಿದ ಮೇಲೆ ಬರ್ತಾರೆ" ಎಂದು ನಕ್ಕ. ಆಮೇಲೆ ಚಹಾ ತರಿಸಿ ಪುಸ್ತಕ ತೆಗೆದ.

ಅವನು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ನಮ್ಮ ದೇಶದಲ್ಲಿ ಈ ವಿಷಯಕ್ಕೆ ಇರುವ ಮುಖ್ಯ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದು ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಿಂದ. ಅದಕ್ಕೆ ಮೊದಲು ಇದ್ದದ್ದು ಲಾರ್ಡ್ ಲಿಟ್ಟನ್ ಕಾಲದ 1878ರ ಕಾಯ್ದೆ, ಅಂದರೆ ಇಡೀ ದೇಶದ ಜನರನ್ನು ನಿರಾಯುಧರನ್ನಾಗಿ ಮಾಡಲು ಹೊರಟದ್ದು. ಹೊಸ ಕಾಯ್ದೆಯ ಕೆಳಗೆ ಮಾಡಿದ ನಿಯಮಗಳು ಈಗ 2016ರವು. ಅದರ ಪಟ್ಟಿಯಲ್ಲಿ ಐದನೆಯ ವರ್ಗ ಎಂದು ಒಂದಿದೆ. ಬಂದೂಕಲ್ಲದ ಆಯುಧಗಳದು. ಕತ್ತಿ, ಬಾಕು, ಭರ್ಜಿ, ಚಾಕು ಇವೆಲ್ಲ ಅಲ್ಲಿವೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆ ವರ್ಗಕ್ಕೆ ಸೇರುತ್ತದೆ. ಆದರೆ ಮನೆಬಳಕೆಗೆ, ಬೇಸಾಯಕ್ಕೆ, ವಿಜ್ಞಾನದ ಅಥವಾ ಕೈಗಾರಿಕೆಯ ಕೆಲಸಕ್ಕೆ ಎಂದು ಮಾಡಿದ್ದಾದರೆ ಸೇರುವುದಿಲ್ಲ. ನಮ್ಮ ಮನೆಯ ಕುಡುಗೋಲು, ಕೊಡಲಿ, ಕಬ್ಬು ಕಡಿಯುವ ಮಚ್ಚು ಇವೆಲ್ಲ ಬದುಕಿಕೊಂಡದ್ದು ಈ ಒಂದು ಮಾತಿನಿಂದ.

"ಹಂಗಾದ್ರೆ ಎಂಟೂವರೆ ಇಂಚಿನ ಚಾಕು ಜೇಬಿನಲ್ಲಿ ಇಟ್ಟುಕೊಂಡು ತಿರುಗಬಹುದಾ?" ಎಂದೆ, ನನ್ನ ಹೆಂಡತಿಯ ಪರವಾಗಿ.

"ಅಲ್ಲೇ ಇರೋದು ಸಾರ್ ಗಂಟು" ಎಂದ. ಆಯುಧ ಎಂದರೇನು ಎಂದು ಕಾಯ್ದೆಯ ಎರಡನೆಯ ಕಲಮು ಹೇಳುತ್ತದೆ: ಇನ್ನೊಬ್ಬರ ಮೇಲೆ ಬೀಳಲು ಅಥವಾ ತನ್ನನ್ನು ಕಾಪಾಡಿಕೊಳ್ಳಲು ಆಯುಧವಾಗಿ ರೂಪಿಸಿದ, ಅಥವಾ ಅದಕ್ಕೆ ತಕ್ಕಂತೆ ಮಾರ್ಪಡಿಸಿದ ವಸ್ತು. ಕೇವಲ ಮನೆಬಳಕೆಗೆ, ಬೇಸಾಯಕ್ಕೆ ಎಂದು ಮಾಡಿದ್ದು ಆಯುಧವಲ್ಲ. ಲಾಠಿ, ಊರುಗೋಲು ಇವುಗಳ ಹೆಸರನ್ನು ಕಾಯ್ದೆಯೇ ಎತ್ತಿ ಹೇಳಿದೆ. ಎಂದರೆ ಅಳತೆಯ ಜೊತೆಗೆ ಉದ್ದೇಶವೂ ತೂಕಕ್ಕೆ ಬರುತ್ತದೆ. ಇಲ್ಲಿ ನನಗೆ ಹೊಸದಾಗಿ ಕಂಡದ್ದು 'ಕಾಪಾಡಿಕೊಳ್ಳಲು' ಎಂಬ ಮಾತು. ಹೊಡೆಯಲು ಇಟ್ಟುಕೊಂಡರೆ ತಪ್ಪು, ತಡೆಯಲು ಇಟ್ಟುಕೊಂಡರೆ ಸರಿ ಎಂದು ನಾವೆಲ್ಲ ತಿಳಿದಿರುತ್ತೇವೆ. ಕಾಯ್ದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದೆ.

ಅವನು ಮುಂದುವರಿಸಿದ. ಇದೇ ಕಾಯ್ದೆಯ ನಾಲ್ಕನೆಯ ಕಲಮಿನ ಪ್ರಕಾರ ಯಾವುದಾದರೂ ಪ್ರದೇಶಕ್ಕೆ ಇನ್ನೂ ಬಿಗಿಯಾದ ಕಟ್ಟು ಹಾಕಬಹುದು. ದೆಹಲಿಯಲ್ಲಿ 1980ರಲ್ಲಿ ಹಾಗೆ ಹಾಕಿದರು. ಅಲ್ಲಿನ ಅಧಿಸೂಚನೆ ಗುಂಡಿ ಚಾಕು, ಸ್ಪ್ರಿಂಗ್ ಚಾಕು, ಗರಗರ ಎಂದು ಹಲ್ಲಿನ ಮೇಲೆ ತೆರೆಯುವ ಗರಾರಿ ಚಾಕುಗಳ ಮೇಲೆ. ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ, ಅಥವಾ ಅದಕ್ಕೂ ಹೆಚ್ಚು ಇದ್ದರೆ ಅದರ ಹಿಡಿತಕ್ಕೆ ಬರುತ್ತದೆ. ಅಂಥ ಒಂದು ಚಾಕುವಿನ ಮೇಲೆ ಹೂಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ಅಧಿಸೂಚನೆ ತಯಾರಿಕೆ, ಮಾರಾಟ, ಮಾರಾಟಕ್ಕಾಗಿ ಇಟ್ಟುಕೊಳ್ಳುವುದರ ಮಾತು ಆಡುತ್ತದೆ, ಈ ಮನುಷ್ಯನ ಮೇಲೆ ಅಂಥ ಆರೋಪವೇ ಇಲ್ಲ ಎಂದು 2025ರಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು. "ಗೆದ್ದ, ಸರಿ. ಆದ್ರೆ ಸುಪ್ರೀಂ ಕೋರ್ಟಿಗೆ ಹೋಗಿ ಗೆಲ್ಲೋ ಖರ್ಚಿನಲ್ಲಿ ಎಷ್ಟು ಚಾಕು ಬರ್ತಾವೆ ಲೆಕ್ಕ ಹಾಕಿ" ಎಂದ ನನ್ನ ಶಿಷ್ಯ.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಬಾಗಿಲಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಶಾಂತಿಗೆ ಭಂಗ ಬರುವ ಹೊತ್ತಿನಲ್ಲಿ ಚಾಕು, ದೊಣ್ಣೆ, ಕೋಲು ಏನನ್ನೂ ಹಿಡಿದು ತಿರುಗಬಾರದೆಂದು ಅಧಿಕಾರಿಗಳು ಆದೇಶ ಮಾಡಬಹುದು. ಜನ 144 ಸೆಕ್ಷನ್ ಎನ್ನುತ್ತಿದ್ದ ನಿಷೇಧಾಜ್ಞೆ 2024ರ ಜುಲೈ 1ರಿಂದ ಹೊಸ ಸಂಹಿತೆಯ 163ನೆಯ ಕಲಮಿಗೆ ಬಂದಿದೆ. ಚುನಾವಣೆ, ಗಲಾಟೆ, ದೊಡ್ಡ ಮೆರವಣಿಗೆ ಇದ್ದಾಗ ಇಂಥ ಆದೇಶ ಹೊರಟಿತೆಂದರೆ ನಿನ್ನೆ ಜೇಬಿನಲ್ಲಿದ್ದ ಚಾಕು ಇವತ್ತು ಮನೆಯಲ್ಲಿ ಇರಬೇಕು. ಅದಕ್ಕೇ ನಮ್ಮ ಓಣಿಯ ಹುಡುಗ ಸಿಕ್ಕಿಬಿದ್ದದ್ದು. ರಾತ್ರಿ ಹೊತ್ತು ಅನುಮಾನ ಬರುವ ಹಾಗೆ ಅಪಾಯದ ಸಾಮಾನು ಹಿಡಿದು ಸಿಕ್ಕಿದವನ ಪಾಡು ಬೇರೆ.

ಎಲ್ಲರಿಗೂ ಒಂದೇ ಅಳತೆಯೇ ಎಂದು ಕೇಳಿದೆ. ಅಲ್ಲ. ಸಿಖ್ಖರ ಕಿರ್ಪಾಣ್ ಅವರ ಧರ್ಮಾಚರಣೆಯ ಭಾಗ ಎಂದು ಸಂವಿಧಾನದ 25ನೆಯ ವಿಧಿಯೇ ಹೇಳಿದೆ. ನಮ್ಮ ರಾಜ್ಯದಲ್ಲೇ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟು ತಳ್ಳಿಹಾಕಿತು. ಕೊಡವರ ಮದುಮಗ ಸೊಂಟದಲ್ಲಿ ಸಿಕ್ಕಿಸುವ ಪೀಚೆಕತ್ತಿಯ ಚೆಲುವು ನೋಡಿದವರು ಅದು ಏಕೆ ಉಳಿಯಬೇಕು ಎಂದು ಕೇಳಲಾರರು. ಆದರೆ ನನ್ನ ಮಗಳು ಮೋಕದ ಮೇಷ್ಟ್ರ ಮಗಳು. ಅವಳಿಗೆ ಅಳತೆಯೊಳಗಿನ ಚಾಕುವೇ ಆಗಬೇಕು.

ಅಲ್ಲಿಂದ ಎದ್ದು ಬೆಂಗಳೂರು ರೋಡಿನ ಅಂಗಡಿಗಳ ಕಡೆ ನಡೆದೆ. ಮೊದಲ ಅಂಗಡಿಯವನು ಕೇಳುವುದಕ್ಕಿಂತ ಮುಂಚೆ ಒಂದು ಗುಂಡಿ ಚಾಕು ತೆಗೆದು ಟಕ್ಕೆನಿಸಿ ತೋರಿಸಿದ. "ಸಿನಿಮಾದಾಗ ನೋಡಿಲ್ಲೇನ್ರಿ ಸಾರ್? ರಾಮಪುರಿ ಥರ" ಎಂದ. ರಾಮಪುರಿ ಎಂದರೆ ಉತ್ತರ ಪ್ರದೇಶದ ರಾಮಪುರದ ಚಾಕು. ಹಿಂದಿ ಸಿನಿಮಾಗಳ ಖಳರು ಅದಕ್ಕೆ ಕೊಟ್ಟ ಪ್ರಚಾರ ಯಾವ ಕಂಪನಿಯೂ ದುಡ್ಡು ಕೊಟ್ಟು ಪಡೆಯಲಾರದು. ಆ ಪ್ರಚಾರವೇ ಆ ಊರಿನ ಕಸುಬುದಾರರಿಗೆ ಮುಳುವಾಯಿತು. ಉದ್ದ ಅಲಗಿನ ಚಾಕು ಮಾಡಬಾರದೆಂದು ಸರ್ಕಾರ ಕಟ್ಟು ಹಾಕಿದ ಮೇಲೆ ಕುಲುಮೆಗಳು ಒಂದೊಂದಾಗಿ ಆರಿದವು. ಈಗ ಆ ಊರಿನ ಚೌಕದಲ್ಲಿ ಇಪ್ಪತ್ತು ಅಡಿ ಉದ್ದದ ಚಾಕುವಿನ ಪ್ರತಿಮೆ ನಿಲ್ಲಿಸಿದ್ದಾರೆ, 2023ರಲ್ಲಿ. ಜೇಬಿಗೆ ಬೇಡವಾದದ್ದು ಚೌಕಕ್ಕೆ ಬಂತು.

ಎರಡನೆಯ ಅಂಗಡಿಯಲ್ಲಿ ವಿದೇಶಿ ಮಾದರಿಯವು ಇದ್ದವು. ಕೆಂಪು ಹಿಡಿಯ ಸ್ವಿಸ್ ಚಾಕುವನ್ನು ನೋಡದವರಾರು? ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಶುರು ಮಾಡಿದ ಕಾರ್ಖಾನೆ ಅದು. 1891ರಲ್ಲಿ ತನ್ನ ದೇಶದ ಸೈನಿಕರಿಗೆ ಮೊದಲ ಚಾಕು ಒದಗಿಸಿತು. ಸೈನಿಕರ ಚಾಕು ಎಂದರೆ ಎದೆಗೆ ಇರಿಯುವುದಲ್ಲ, ಡಬ್ಬಿಯ ಮುಚ್ಚಳ ತೆಗೆಯುವುದು, ಬಂದೂಕಿನ ತಿರುಪು ಬಿಚ್ಚುವುದು. ಫ್ರಾನ್ಸಿನ ಸವೋಯ್ ಸೀಮೆಯ ರೈತರಿಗೆಂದು 1890ರಲ್ಲಿ ಹುಟ್ಟಿದ ಒಪಿನೆಲ್ ಎಂಬ ಮರದ ಹಿಡಿಯ ಚಾಕುವೂ ಅಲ್ಲಿತ್ತು. ತೆರೆದ ಮೇಲೆ ಕತ್ತಿನ ಉಂಗುರ ತಿರುಗಿಸಿದರೆ ಅಲಗು ಅಲುಗದೆ ನಿಲ್ಲುತ್ತದೆ. ಒಳ್ಳೆಯ ಉಪಾಯ. ಆದರೆ ಬೇರೆ ದೇಶಗಳ ಕಾನೂನು ಈ ಬೀಗವನ್ನೇ ಅನುಮಾನದಿಂದ ನೋಡುತ್ತದೆ. ಇಂಗ್ಲೆಂಡಿನ 1988ರ ಕಾಯ್ದೆಯ ಪ್ರಕಾರ ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದದ್ದು 3 ಇಂಚು ಮೀರದ, ಬೀಗವಿಲ್ಲದೆ ಮಡಚುವ ಚಾಕು ಮಾತ್ರ. ಜರ್ಮನಿ 2008ರಲ್ಲಿ ಒಂದೇ ಕೈಯಲ್ಲಿ ತೆರೆದು ಬೀಗ ಬೀಳುವ ಚಾಕುಗಳನ್ನು ಕಾರಣವಿಲ್ಲದೆ ಬೀದಿಯಲ್ಲಿ ಒಯ್ಯುವುದನ್ನು ನಿಲ್ಲಿಸಿತು. ದೆಹಲಿಯ 7.62 ಸೆಂಟಿಮೀಟರ್ ಎಂದರೂ 3 ಇಂಚೇ. ಕೈ ನೋಡಿಕೊಂಡೆ. ನಾಲ್ಕು ಬೆರಳು ಜೋಡಿಸಿದರೆ ಸುಮಾರು 3 ಇಂಚು. ಇಷ್ಟು ದೂರದ ಸರ್ಕಾರಗಳೆಲ್ಲ ನಾಲ್ಕು ಬೆರಳಿಗೆ ಬಂದು ನಿಂತದ್ದು ನನಗೆ ಸೋಜಿಗವೆನಿಸಿತು. ಹಣ್ಣಿಗೆ, ಹಗ್ಗಕ್ಕೆ, ಪೆನ್ಸಿಲಿಗೆ ನಾಲ್ಕು ಬೆರಳಿಗಿಂತ ಹೆಚ್ಚಿನ ಅಲಗು ಬೇಡ.

ಅವತ್ತು ಏನೂ ಕೊಳ್ಳದೆ ಊರಿಗೆ ಮರಳಿದೆ. ದುಬಾರಿ ಎಂಬುದು ಒಂದು. ಇನ್ನೊಂದು, ಹೆಂಡತಿಯ ಜೊತೆ ಮಾತು ಮುಗಿದಿರಲಿಲ್ಲ. ಸಂಜೆ ಜಗಲಿಯ ಮೇಲೆ ಕೂತು ವಕೀಲ ಹೇಳಿದ್ದನ್ನೆಲ್ಲ ಹೇಳಿದೆ. ಪಕ್ಕದ ಮನೆಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಕೂಡ ಬಂದು ಕೂತಿದ್ದರು. ಹೆಂಡತಿ ಎಲ್ಲ ಕೇಳಿಸಿಕೊಂಡು, "ಕಾನೂನು ಅಂತೀರಿ. ಆ ರಾತ್ರಿ ರೋಡಿನಾಗ ಕಾನೂನು ಅಕೀ ಜೋಡಿ ನಡೀತೈತೇನ್ರಿ?" ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಉತ್ತರ ಕೊಟ್ಟರು. "ನೋಡವ್ವ, ಮೂವತ್ತು ವರ್ಷ ನಾನು ಚಾಕುವಿನ ಪಂಚನಾಮೆ ಬರೆದೀನಿ. ರೂಢಿ ಇಲ್ಲದವರ ಕೈಯಾಗ ಚಾಕು ಇದ್ರೆ ಅದು ಎರಡನೇ ನಿಮಿಷಕ್ಕೆ ಎದುರಿಗಿರೋನ ಕೈಯಾಗ ಇರ್ತೈತಿ. ಮಗೂಗೆ ಓಡಾಕ ಹೇಳು, ಕೂಗಾಕ ಹೇಳು, ಫೋನಿನಾಗ 112 ಒತ್ತಾಕ ಹೇಳು. ಚಾಕು ತೋರಿಸು ಅಂತ ಹೇಳಬ್ಯಾಡ" ಎಂದರು. ತನ್ನ ಜೀವ ಉಳಿಸಿಕೊಳ್ಳುವ ಹಕ್ಕು ಕಾನೂನಿನಲ್ಲಿ ಇದ್ದೇ ಇದೆ, ಹಳೆಯ ದಂಡ ಸಂಹಿತೆಯಲ್ಲೂ ಇತ್ತು, ಹೊಸ ನ್ಯಾಯ ಸಂಹಿತೆಯಲ್ಲೂ ಇದೆ. ಅಂಥ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನು ಬೀಸಿದರೆ ಯಾರೂ ತಪ್ಪೆನ್ನುವುದಿಲ್ಲ. ಆದರೆ ಬಂದ ಅಪಾಯದಷ್ಟೇ ಪೆಟ್ಟು, ಅದಕ್ಕಿಂತ ಹೆಚ್ಚಲ್ಲ ಎಂಬ ಲೆಕ್ಕ ಅಲ್ಲಿಯೂ ಇದೆ ಎಂದು ಅವರು ಬಿಡಿಸಿ ಹೇಳಿದರು.

ಮಗಳು ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು ಎಂದು ಕಾಣುತ್ತದೆ. ಹೊರಗೆ ಬಂದು ಅವಳ ಅವ್ವನ ಪಕ್ಕ ಕೂತಳು. "ಅವ್ವ, ಎಮರ್ಜೆನ್ಸಿ ವಾರ್ಡಿಗೆ ಶನಿವಾರ ರಾತ್ರಿ ಬಂದು ನೋಡು. ಚಾಕು ಹಾಕಿಸಿಕೊಂಡವರು ಬರ್ತಾರೆ. ಮೇಲೆ ಎರಡು ಬೆರಳಿನ ಗಾಯ, ಒಳಗ ಏನೇನು ಹರಿದೈತೋ. ನಾನು ಅದನ್ನ ಒತ್ತಿ ಹಿಡ್ಕೊಂಡು ನಿಂತಿರ್ತೀನಿ, ಡಾಕ್ಟರ್ ಬರೋತನಕ. ಅಂಥದ್ದೊಂದನ್ನ ನನ್ನ ಚೀಲದಾಗ ಇಟ್ಕೊಂಡು ತಿರುಗು ಅಂತೀಯಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹೆಂಡತಿ ಏನೂ ಮಾತಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದಳು. ಹತ್ತೊಂಬತ್ತು ವರ್ಷ ಕೈ ಹಿಡಿದು ಶಾಲೆ, ಕಾಲೇಜು, ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ ತಾಯಿಗೆ, ಕೈ ತಲುಪದ ಊರಿನಲ್ಲಿರುವ ಮಗಳಿಗೆ ಏನಾದರೂ ಕೊಟ್ಟು ಕಳಿಸಬೇಕಿತ್ತು. ಚಾಕು ಅದರ ಹೆಸರು ಅಷ್ಟೆ.

ಮರುದಿನ ನಮ್ಮೂರ ಕಮ್ಮಾರನ ಕುಲುಮೆಗೆ ಹೋದೆ. ಈಗ ಅಲ್ಲಿ ವೆಲ್ಡಿಂಗ್ ಕೆಲಸವೇ ಹೆಚ್ಚು. ಟ್ರ್ಯಾಕ್ಟರಿನ ಕುಂಟೆ, ಕಿಟಕಿಯ ಸರಳು. ಆದರೂ ಲಾರಿಯ ಹಳೆಯ ಪಟ್ಟಿ ತಂದು ಕುಡುಗೋಲು ಬಡಿಯುವುದನ್ನು ಬಿಟ್ಟಿಲ್ಲ. ಲಾರಿ ಪಟ್ಟಿಯ ಉಕ್ಕಿಗೆ ಹದ ಚೆನ್ನಾಗಿ ನಿಲ್ಲುತ್ತದೆ. ಮಡಚುವ ಚಾಕು ಮಾಡಿಕೊಡುತ್ತೀಯಾ ಎಂದರೆ ತಲೆಯಾಡಿಸಿದ. ಅಲಗು ಬಡಿಯುವುದು ಸುಲಭ, ಅಲಗಿನ ಬೆನ್ನಿಗೆ ಒತ್ತಿ ನಿಲ್ಲುವ ಸ್ಪ್ರಿಂಗಿನ ಪಟ್ಟಿ ಮಾಡುವುದೇ ಕಷ್ಟವಂತೆ. ಹದ ಹೆಚ್ಚಾದರೆ ಮುರಿಯುತ್ತದೆ, ಕಡಿಮೆಯಾದರೆ ಅಲಗು ಸಡಿಲವಾಗಿ ಬೆರಳ ಮೇಲೆ ಮಡಚಿಕೊಳ್ಳುತ್ತದೆ. "ಮೇಷ್ಟ್ರೇ, ಅಂಗಡಿದೇ ತಗೊಳ್ರಿ. ಸಾಣೆ ಮಾತ್ರ ನಾನು ಹಿಡಿದುಕೊಡ್ತೀನಿ" ಎಂದ. ಕೊಳ್ಳುವಾಗ ಏನು ನೋಡಬೇಕೆಂದೂ ಹೇಳಿದ: ತೆರೆದು ಅಲಗನ್ನು ಎಡಕ್ಕೆ ಬಲಕ್ಕೆ ಅಲುಗಿಸಬೇಕು, ಆಡಬಾರದು. ಮುಚ್ಚಿದಾಗ ಮೊನೆ ಹಿಡಿಯೊಳಗೆ ಪೂರ್ತಿ ಹುದುಗಬೇಕು. ಒದರಿದರೆ ತಾನಾಗಿ ತೆರೆಯಬಾರದು. ತೆರೆಯಲು ಉಗುರು ಸಿಕ್ಕಿಸುವ ಗೀರು ಇರಬೇಕು, ಎರಡೂ ಕೈ ಬೇಕಾಗಬೇಕು. ಎರಡು ಕೈ ಬೇಕಾಗುವ ಚಾಕುವನ್ನು ಸಿಟ್ಟಿನಲ್ಲಿ ತೆಗೆಯಲು ಆಗುವುದಿಲ್ಲ, ತೆಗೆಯುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ ಎಂಬುದು ಅವನ ಮಾತು. ಕಾನೂನಿನ ಪುಸ್ತಕ ಮೂರು ಪುಟದಲ್ಲಿ ಹೇಳಿದ್ದನ್ನು ಅವನು ತಿದಿಯ ಪಕ್ಕ ನಿಂತು ಹೇಳಿ ಮುಗಿಸಿದ.

ಅವನ ಕಸುಬಿನ ಹಿರಿಯರು ಈ ನೆಲದಲ್ಲಿ ಎಂಥ ಹಳಬರು ಎಂಬುದು ನನಗೆ ನೆನಪಾದದ್ದು ಮುಂದಿನ ವಾರ ಮತ್ತೆ ಬಳ್ಳಾರಿಗೆ ಹೋದಾಗ. ಬಸ್ಸಿಗೆ ಹೊತ್ತಿದ್ದುದರಿಂದ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯಕ್ಕೆ ಹೋಗಿ ಬಂದೆ. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕರಿಯ ಡೋಲರೈಟ್ ಕಲ್ಲನ್ನು ಒಡೆದು, ತಿಕ್ಕಿ, ನುಣುಪು ಮಾಡಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಫೂಟ್ ಆ ಜಾಗವನ್ನು ಗುರುತಿಸಿದ್ದು 1872ರಲ್ಲಿ. ನಾಲ್ಕು ಸಾವಿರ ವರ್ಷದ ಹಿಂದೆ ಅದೊಂದು ಕಾರ್ಖಾನೆಯೇ ಆಗಿತ್ತೆನ್ನಬಹುದು. ಗಾಜಿನೊಳಗಿನ ಆ ಕಲ್ಲಿನ ಕೊಡಲಿಗಳ ಬಾಯಿ ಇಂದಿಗೂ ನಯವಾಗಿದೆ. ಮರ ಕಡಿದವೋ, ಮನುಷ್ಯರನ್ನೋ? ಕಲ್ಲು ಹೇಳುವುದಿಲ್ಲ. ಹೆಚ್ಚಿನವು ಕೆಲಸದ ಸಾಮಾನೇ ಇರಬೇಕು ಎಂದುಕೊಂಡೆ. ಹೊಡೆದಾಡುವುದೇ ಕಸುಬಾಗಿದ್ದರೆ ಅವರಿಗೆ ಇಷ್ಟು ಹೊತ್ತು ಕೂತು ಕಲ್ಲು ತಿಕ್ಕುವ ಪುರುಸೊತ್ತು ಎಲ್ಲಿರುತ್ತಿತ್ತು?

ಕೊನೆಗೆ ಕೊಂಡದ್ದು ಪಾತ್ರೆ ಅಂಗಡಿಯಲ್ಲಿ. ಹಣ್ಣಿನ ಚಾಕು ಎಂದೇ ಮಾರುವ, ಮರದ ಹಿಡಿಯ ಮಡಚುವ ಚಾಕು. ಶಾಲೆಯ ಸ್ಕೇಲು ಜೇಬಿನಲ್ಲೇ ಒಯ್ದಿದ್ದೆ. ಅಲಗು 6.5 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲ. ಗುಂಡಿಯಿಲ್ಲ, ಬೀಗವಿಲ್ಲ, ಉಗುರಿನ ಗೀರಿದೆ. ಮೊನೆ ಚೂಪಲ್ಲ, ಕುರಿಯ ಗೊರಸಿನ ಹಾಗೆ ಬಾಗಿದೆ. ತುಕ್ಕು ಹಿಡಿಯದ ಉಕ್ಕು. ನಿಂಬೆ, ಮಾವಿನ ಹುಳಿಗೆ, ನಮ್ಮ ಬಿಸಿಲಿನ ಬೆವರಿಗೆ ಅದೇ ವಾಸಿ. ಬೆಲೆ ನೂರೆಂಬತ್ತು. ಅಂಗಡಿಯವನು ಸ್ಕೇಲು ನೋಡಿ, "ಏನು ಸಾರ್, ಹೆಣ್ಣು ನೋಡಾಕೆ ಬಂದೋರ ಹಂಗೆ ಅಳೀತೀರಿ" ಎಂದ. ಮುಂಜಾಗ್ರತೆಗೆ ಬಿಲ್ಲು ಕೇಳಿ ಪಡೆದೆ. ಅದರಲ್ಲಿ 'ಹಣ್ಣಿನ ಚಾಕು' ಎಂದೇ ಬರೆಸಿದೆ. ಕಮ್ಮಾರ ಹೇಳಿದ ಮಾತಿನಂತೆ ಸಾಣೆ ಹಿಡಿದುಕೊಟ್ಟ. ದುಡ್ಡು ಮುಟ್ಟಲಿಲ್ಲ.

ಮಗಳಿಗೆ ಹೇಳಬೇಕಾದ್ದನ್ನು ಮೇಷ್ಟ್ರ ಅಭ್ಯಾಸದಂತೆ ಚೀಟಿಯಲ್ಲಿ ಬರೆದೆ. ವಿಮಾನದಲ್ಲಿ ಹೋಗುವ ದಿನ ಬಂದರೆ ಕೈಚೀಲದಲ್ಲಿ ಇಡಬೇಡ, ಒಪ್ಪಿಸುವ ಪೆಟ್ಟಿಗೆಯಲ್ಲಿಡು. ಮೆಟ್ರೋ ಬಾಗಿಲಲ್ಲಿ ಚೀಲವನ್ನು ಯಂತ್ರದೊಳಗೆ ತೂರಿಸುತ್ತಾರೆ, ಮೆಟ್ರೋ ಹತ್ತುವ ದಿನ ಕೋಣೆಯಲ್ಲೇ ಬಿಡು. ಕೋರ್ಟು, ಮತಗಟ್ಟೆ, ಪರೀಕ್ಷೆ, ಮೆರವಣಿಗೆ ಇರುವ ಕಡೆ ಬೇಡ. ಊರಿನಲ್ಲಿ ನಿಷೇಧಾಜ್ಞೆ ಇದೆ ಎಂದರೆ ಬೇಡ. ಊಟದ ಡಬ್ಬಿಯ ಜೊತೆ ಇರಲಿ, ಜೇಬಿನಲ್ಲಿ ಬೇಡ. ಯಾರಾದರೂ ಕೇಳಿದರೆ ಇದ್ದದ್ದನ್ನೇ ಹೇಳು: ಹಣ್ಣು ಕೊಯ್ಯಲು. "ಸೀಬೆಹಣ್ಣು ಅಂತ ಸೇರಿಸಲಾ?" ಎಂದು ಮಗಳು ನಕ್ಕಳು.

ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹೆಂಡತಿ ಅದನ್ನು ನನ್ನಿಂದ ತೆಗೆದುಕೊಂಡು ಒಂದು ಬಟ್ಟೆಯಲ್ಲಿ ಸುತ್ತಿ, ದೇವರ ಮುಂದೆ ಇಟ್ಟು, ಅರಿಶಿನ ಕುಂಕುಮ ಹಚ್ಚಿದಳು. ಮಗಳು ಅಲ್ಲಿಂದ ಎತ್ತಿಕೊಂಡಳು.

ಬೆಂಗಳೂರಿಗೆ ಮರಳಿದ ಮೇಲೆ ಅವಳು ಇನ್ನೊಂದು ಕೆಲಸ ಮಾಡಿದಳು. ಎರಡನೆಯ ಪಾಳಿಯ ಹುಡುಗಿಯರನ್ನೆಲ್ಲ ಸೇರಿಸಿ, ರಾತ್ರಿ ಮನೆ ಮುಟ್ಟಿಸಲು ಗಾಡಿ ಬೇಕೆಂದು ಆಸ್ಪತ್ರೆಯ ಆಡಳಿತಕ್ಕೆ ಅರ್ಜಿ ಬರೆದಳು. ಇಪ್ಪತ್ತಮೂರು ಸಹಿ. ಮೊದಲು ನೋಡೋಣ ಎಂದರು, ಆಮೇಲೆ ದುಡ್ಡಿಲ್ಲ ಎಂದರು. ಹುಡುಗಿಯರು ಬಿಡಲಿಲ್ಲ. ಎರಡು ತಿಂಗಳು ಹಿಡಿಯಿತು. ಈಗ ರಾತ್ರಿ ಹತ್ತೂವರೆಗೆ ಒಂದು ವ್ಯಾನು ಹೊರಡುತ್ತದೆ. ಆ ಸುದ್ದಿ ಬಂದ ರಾತ್ರಿ ನನ್ನ ಹೆಂಡತಿ ಒಂಬತ್ತು ಗಂಟೆಗೇ ಮಲಗಿಬಿಟ್ಟಳು. ಎಷ್ಟೋ ದಿನದ ಮೇಲೆ ಅವಳ ಗೊರಕೆ ಕೇಳಿ ನನಗೂ ಹಾಯೆನಿಸಿತು.

ಆದರೂ ಫೋನು ಬಂದಾಗಲೆಲ್ಲ ಕೇಳುವುದನ್ನು ಬಿಟ್ಟಿಲ್ಲ: "ಚಾಕು ಐತಿಲ್ಲೇನವ್ವ?" ಮೊನ್ನೆ ಮಗಳು ಹೇಳಿದಳಂತೆ, ಐತೆ, ಆದರೆ ಮಾವಿನಕಾಯಿ ಕೊಯ್ದು ಕೊಯ್ದು ಬಾಯಿ ಹೋಗಿದೆ, ಊರಿಗೆ ಬಂದಾಗ ಕಮ್ಮಾರ ಮಾಮನ ಹತ್ತಿರ ಮತ್ತೆ ಸಾಣೆ ಹಿಡಿಸಬೇಕು ಎಂದು. ಹೆಂಡತಿ ಅದನ್ನು ನನಗೆ ಬಂದು ಹೇಳಿದಾಗ ಅವಳ ಮುಖದಲ್ಲಿ ಚಿಂತೆ ಇರಲಿಲ್ಲ. "ಉಪ್ಪಿನಕಾಯಿ ಹಾಕ್ಯಾರಂತ್ರಿ, ಮೂರೂ ಜನ ಸೇರಿ. ಎಣ್ಣೆ ಕಮ್ಮಿ ಹಾಕ್ಯಾರ, ಕೆಡತೈತಿ" ಎಂದು ಗೊಣಗುತ್ತ ಒಳಗೆ ಹೋದಳು.